ಚೌರಪ್ಪನವರ ಶಿಲುಬೆ

ನಗುವವರು ಈಗಲೇ ನಕ್ಕುಬಿಡಿ. ಇದು ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳ, ತಪಸ್ಸುಕಾಲದ ಕತೆ, ನಡುವೆ ನಕ್ಕರೆ ಪಾಪ ಸುತ್ತಿಕೊಳ್ಳುತ್ತದೆ.

ನಮ್ಮೂರಲ್ಲಿ ಲೂರ್ದಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಇನ್ನಾಸಿ ಒಬ್ಬನೇ ಮಗ. ಆಳು ಆರಡಿ, ಬುದ್ಧಿ ಅಷ್ಟಕ್ಕಷ್ಟೆ. ಪ್ರತಿ ಶುಭ ಶುಕ್ರವಾರ ಊರವರು ವೇಷ ಕಟ್ಟಿ ಯೇಸುಸ್ವಾಮಿಯ ಪಾಡನ್ನು ಆಡಿ ತೋರಿಸುತ್ತಾರೆ. ದಾರಿಯಲ್ಲಿ ಸ್ವಾಮಿಯ ಶಿಲುಬೆಗೆ ಹೆಗಲು ಕೊಡುವ ಸಿಮೋನನ ವೇಷ ಇಪ್ಪತ್ತು ವರ್ಷ ಲೂರ್ದಮ್ಮನ ಗಂಡನದೇ. ಅವನು ತೀರಿಕೊಂಡ ಮೇಲೆ ಅದು ಮಗನಿಗೆ ಉಳಿಯಬೇಕು, ಅವಳಿಗಿದ್ದದ್ದು ಅದೊಂದೇ ಆಸೆ.

ವೇಷ ಹಂಚುವವರು ಚೌರಪ್ಪನವರು. "ನಿನ್ ಮಗ ನೆಟ್ಟಗಿದ್ರೆ ನೋಡೋಣ ಲೂರ್ದಮ್ಮ. ಇಲ್ದಿದ್ರೆ ನನ್ ಬಾಮೈದ ಇದ್ದಾನೆ" ಅಂದರು.

ತಪಸ್ಸುಕಾಲದ ಮೊದಲ ದಿನ, ಬೂದಿ ಬುಧವಾರ ಬಂತು. ಫಾದರ್ ಹಣೆಗೆ ಬೂದಿ ಹಚ್ಚಿದರು. ಇನ್ನಾಸಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಮನೆಗೆ ಬಂದ.

"ಅಯ್ಯೋ ಪೆದ್ದುಮುಂಡೇದೆ, ಚರ್ಚಲ್ಲಿ ಕೊಟ್ಟಿದ್ದನ್ನ ಹಾಗೇ ಮನೆಗೆ ತರಬೇಕು ಕಣೋ."

"ಆಗ್ಲಿ ಕಣವ್ವ."

ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಗಂಜಿ. ಎಲ್ಲರೂ ಅಲ್ಲೇ ಕುಡಿದರು. ಇನ್ನಾಸಿ ದೊನ್ನೆ ಹಿಡಿದು ಹೊರಟ. ದಾರಿಯಲ್ಲಿ ಕೂಗಿದವರನ್ನೆಲ್ಲ ನಿಂತು ಮಾತಾಡಿಸಿದ. ಮನೆ ಸೇರಿದ್ದು ದೊನ್ನೆ. ಗಂಜಿ ಅಂಗಿಯ ಮೇಲಿತ್ತು.

"ಅಯ್ಯೋ ಪೆದ್ದುಮುಂಡೇದೆ, ತರೋದಾದ್ರೆ ಯಾರು ಕೂಗಿದ್ರೂ ನಿಲ್ಲದೆ ಓಡಿಬರಬೇಕು ಕಣೋ."

"ಆಗ್ಲಿ ಕಣವ್ವ."

ಗರಿಗಳ ಭಾನುವಾರದ ಮೆರವಣಿಗೆ. ಯೇಸುಸ್ವಾಮಿಯ ವೇಷದಲ್ಲಿ ಅರುಳಪ್ಪ ಮೇಷ್ಟ್ರು ಕತ್ತೆ ಏರಿದರು. ಹಗ್ಗ ಇನ್ನಾಸಿಯ ಕೈಗೆ ಬಂತು. ಬಂದದ್ದೇ ತಡ, ಓಟ. "ನಿಲ್ಸೋ" ಅಂತ ಫಾದರ್ ಕೂಗಿದರು, ನಿಲ್ಲಲಿಲ್ಲ. "ನಿಲ್ಸೋ ಪುಣ್ಯಾತ್ಮ" ಅಂತ ಸ್ವಾಮಿಯೇ ಕೂಗಿದರು, ಆಗಲೂ ನಿಲ್ಲಲಿಲ್ಲ. ಗರಿ ಹಿಡಿದ ಊರೆಲ್ಲ "ಹೊಸಾನ್ನ" ಹಾಡಿಕೊಂಡು ಲೂರ್ದಮ್ಮನ ಕೊಟ್ಟಿಗೆಯವರೆಗೂ ಹಿಂದೆ ಓಡಿತು.

"ಅವ್ವ, ತಂದಿದ್ದೀನಿ. ಒಂದು ತೊಟ್ಟೂ ಚೆಲ್ಲಿಲ್ಲ."

"ಅಯ್ಯೋ ಪೆದ್ದುಮುಂಡೇದೆ, ಕತ್ತೆ ನಮ್ದೇನೋ? ಯಾರದು ಅಂತ ಕೇಳಿ ತಿಳ್ಕೊಂಡು, ಯಾರದೋ ಅವರಿಗೇ ಒಪ್ಪಿಸಬೇಕು ಕಣೋ."

"ಆಗ್ಲಿ ಕಣವ್ವ."

ಸಿಮೋನನ ವೇಷ ಬಾಮೈದನ ಪಾಲಾಯಿತು. ಲೂರ್ದಮ್ಮ ಮೂರು ದಿನ ಅತ್ತಳು. ಆದರೆ ಈ ಸಲದ ಶಿಲುಬೆ ಅಪ್ಪಟ ತೇಗದ್ದು, ಚೌರಪ್ಪನವರ ಕೊಡುಗೆ. ಗುರುವಾರ ಅದನ್ನು ಒಮ್ಮೆ ಎತ್ತಿ ನೋಡಿದ ಬಾಮೈದನಿಗೆ ಸೊಂಟ ಹಿಡಿಯಿತು. ಬೇರೆ ಗತಿಯಿಲ್ಲದೆ ವೇಷ ಇನ್ನಾಸಿಗೇ ಬಂತು. ಲೂರ್ದಮ್ಮ ಗಂಡನ ನಿಲುವಂಗಿ ತೊಡಿಸಿ, "ಅಪ್ಪನ ಮಾನ ಉಳಿಸು ಮಗ" ಅಂದಳು.

ಶುಭ ಶುಕ್ರವಾರ. ಗುಡ್ಡದ ಹಾದಿ, ಸುಡುಬಿಸಿಲು. ಎಲ್ಲರಿಗಿಂತ ಮುಂದೆ ಮೈಕು ಹಿಡಿದ ಚೌರಪ್ಪನವರು. ಸ್ವಾಮಿ ಮೊದಲ ಸಲ ಬಿದ್ದರು. "ಈ ಶಿಲುಬೆ ಚೌರಪ್ಪನವರದು" ಅಂತು ಮೈಕು. ಮಾತೆ ಮರಿಯಮ್ಮ ಎದುರಾಗಿ ಅತ್ತಳು. "ಈ ಶಿಲುಬೆ ಚೌರಪ್ಪನವರದು" ಅಂತು ಮೈಕು. ಸೈನಿಕರ ವೇಷದವರು ಇನ್ನಾಸಿಯನ್ನು ಎಳೆದು ತಂದು ಶಿಲುಬೆ ಹೊರಿಸಿದರು.

ಇನ್ನಾಸಿ ನಿಂತು ಕೇಳಿದ: "ಇದು ಯಾರದು?"

"ಚೌರಪ್ಪನವರದು" ಅಂತು ಮೈಕು.

ಇನ್ನಾಸಿ ನೆಟ್ಟಗೆ ಹೋಗಿ ಅದನ್ನು ಅವರ ಹೆಗಲಿಗೇ ಏರಿಸಿದ. "ನಿಮ್ದಂತೆ ಅಣ್ಣ, ತಗೊಳ್ಳಿ." ಕೈಮುಗಿದು ಪಕ್ಕಕ್ಕೆ ಸರಿದ.

ಸೈನಿಕರಿಗೆ ಕಲಿಸಿದ್ದು ಒಂದೇ ಪಾಠ: ಶಿಲುಬೆ ಹೊತ್ತವನ ಮೇಲೆ ಚಾಟಿ ಬೀಸುವುದು. ಬೀಸಿದರು. "ನಾನ್ ಕಣ್ರೋ, ಚೌರಪ್ಪ, ಚೌರಪ್ಪ" ಅಂತ ಮೈಕು ಗುಡ್ಡದ ತುದಿಯವರೆಗೂ ಸಾರಿತು. ಅರುಳಪ್ಪ ಮೇಷ್ಟ್ರು ಹುಣಸೆ ನೆರಳಲ್ಲಿ ಕೂತು ನೀರು ಕುಡಿದರು.

"ಅಯ್ಯೋ ಪೆದ್ದುಮುಂಡೇದೆ" ಅಂದಳು ಲೂರ್ದಮ್ಮ. ಮುಂದೆ ಏನು ಬುದ್ಧಿ ಹೇಳಬೇಕೋ ತೋಚಲಿಲ್ಲ.

ಮರುವರ್ಷ ಸಿಮೋನ ಯಾರು ಅಂತ ಕೇಳಿದಾಗ ಫಾದರ್, "ಇನ್ನಾಸಿನೇ, ಇನ್ಯಾರು" ಅಂದರು. ಶಿಲುಬೆ ಯಾರದು ಅಂತ ಕೇಳಿದಾಗ ಊರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.