ಹೊಣೆಯವ್ವನ ದಿಣ್ಣೆ

ಕೆಂಚಲದುರ್ಗದ ಹಾಳುಕೋಟೆಯ ಮೂಡಣ ಬಾಗಿಲು ದಾಟಿದರೆ ಒಂದು ಸಣ್ಣ ದಿಣ್ಣೆ ಸಿಗುತ್ತದೆ. ಅದರ ಮೇಲೊಂದು ಗಿಡ್ಡ ಕಂಚುವಾಳದ ಮರ. ಗೊರಸಿನಂತೆ ಸೀಳಿದ ಎಲೆ, ಕಾರ್ತಿಕದಲ್ಲಿ ಮೈತುಂಬ ನೇರಳೆಗೆಂಪು ಹೂ. ಊರಿನವರು ಇದನ್ನು ಹೊಣೆಯವ್ವನ ದಿಣ್ಣೆ ಎನ್ನುತ್ತಾರೆ. ಹೊಣೆಯವ್ವ ಯಾವ ದೇವತೆ ಎಂದು ಕೇಳಿಕೊಂಡು ಬರುವವರಿಗೆ ನಾನು ಹೇಳುವುದಿಷ್ಟೇ: ದೇವತೆಯೂ ಅಲ್ಲ, ಮಣ್ಣೂ ಅಲ್ಲ, ಹೂದೋಟದ ಮನೆಯ ಸೊಸೆ.

ಹಿಂದೆ ಒಮ್ಮೆ ಕೋಟೆಯೊಳಗೆ ನಾಯಕನ ಹೂದೋಟವಿತ್ತಂತೆ. ತೋಟಿಗ ಮುದ್ದುರಂಗ ಮಹಾ ಶಿಸ್ತಿನವನು. ಮಹಾನವಮಿಗೆ ನಾಯಕನ ಸವಾರಿ ಬರುವ ಮುಂಚೆ ಅಷ್ಟೂ ಗಿಡಗಳ ತುದಿಯನ್ನು ಒಂದೇ ಸಮಕ್ಕೆ ಸವರಿಬಿಡುತ್ತಿದ್ದ. ಅವನ ಒಬ್ಬನೇ ಮಗ ತಿಪ್ಪಯ್ಯ ಎಲ್ಲಿಂದಲೋ ತಂದು ನೆಟ್ಟದ್ದು ಕಂಚುವಾಳ. ನೆಟ್ಟ ವರ್ಷವೇ ಅವನು ನಾಯಕನ ದಂಡಿನೊಡನೆ ಹೋಗಿ ತೀರಿಕೊಂಡ. ಹೆಂಡತಿ ಸಣ್ಣೀರವ್ವನಿಗೆ ಅವನದೆಂದು ಉಳಿದದ್ದು ಆ ಮರವೊಂದೇ. ಆಳೆತ್ತರ ಬೆಳೆದರೂ ಅದು ಹೂ ಬಿಡಲಿಲ್ಲ. ಬಿಡದ ಮರಕ್ಕೆ ಯುಗಾದಿಯ ದಿನ ಕೊಡಲಿ ತೋರಿಸುವುದು ಆ ಸೀಮೆಯ ವಾಡಿಕೆ. ಒಬ್ಬರು ಕಡಿಯುತ್ತೇನೆಂದು ಗದರಬೇಕು, ಇನ್ನೊಬ್ಬರು ಅಡ್ಡ ಬಂದು ಮರಕ್ಕೆ ಹೊಣೆ ನಿಲ್ಲಬೇಕು. ಎರಡು ಯುಗಾದಿ ಮುದ್ದುರಂಗ ಕೊಡಲಿ ಎತ್ತಿದ. ಎರಡು ಸಲವೂ ಸೊಸೆ, "ಬೇಡಿ ಮಾವಯ್ಯ, ಬರೋ ವರ್ಷ ಬಿಡುತ್ತೆ, ನಾನು ಹೊಣೆ" ಎಂದಳು. ಮೂರನೆಯ ಸಲ ಆ ಮಾತು ನಡೆಯದು. ಮರ ಉರುಳಬೇಕು, ಹೊಣೆ ನಿಂತವರು ತೋಟ ಬಿಡಬೇಕು.

ಮೂರನೆಯ ಯುಗಾದಿಗೂ ಹೂವಿಲ್ಲ. "ತೋಟ ಬಿಡ್ತೀನಿ, ಮರಾನೂ ನನ್ನ ಜೊತೆ ಬರುತ್ತೆ" ಎಂದ ಸಣ್ಣೀರವ್ವ ಬೇರಿನ ಮಣ್ಣು ಉದುರದಂತೆ ಅಗೆದು, ದಿಣ್ಣೆಗೆ ತಂದು ನೆಟ್ಟಳು. ಮಾವ ಬೇಡವೆನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಅವಳು ಪಕ್ಕದಲ್ಲೇ ಗುಡಿಸಲು ಹಾಕಿ, ಕೊಡ ಹೊತ್ತು ನೀರುಣಿಸಿದಳು. ಅಲ್ಲಿ ತುದಿ ಸವರುವವರು ಯಾರಿದ್ದರು? ಒಂದು ಮಹಾನವಮಿ ಕಳೆಯಿತು, ಇನ್ನೊಂದೂ ಕಳೆಯಿತು. ಕಾರ್ತಿಕದ ಒಂದು ಬೆಳಗ್ಗೆ, ಜನ ಹೇಳಿದ್ದು ಕೇಳಿ, ಮುದ್ದುರಂಗ ಸೊಂಟದ ಕುಡುಗೋಲಿನ ಸಮೇತ ದಿಣ್ಣೆ ಹತ್ತಿದ. ಮರ ಹೂವಿನ ಭಾರಕ್ಕೆ ಬಾಗಿತ್ತು. ಒಂದೊಂದು ಗೊಂಚಲೂ ಅವನು ವರ್ಷವರ್ಷ ಸವರುತ್ತಿದ್ದ ಕೊಂಬೆಯ ತುದಿಯಲ್ಲೇ ಇತ್ತು. ಮುದುಕ ಕುಡುಗೋಲು ತೆಗೆದು ಬುಡದ ಕಲ್ಲಿಗೆ ಬಡಿದು ಅತ್ತನಂತೆ. "ಅಯ್ಯೋ, ಮರದ್ದೇನೂ ತಪ್ಪಿಲ್ಲ ತಾಯಿ. ನನ್ನ ಮಗನ ಹೂವನ್ನ ಮೊಗ್ಗಲ್ಲೇ ಕೊಯ್ದು ತಿಪ್ಪೆಗೆ ಹಾಕ್ತಿದ್ದೋನು ನಾನೇ. ಮನೆಗೆ ಬಾ." ಅವಳೆಂದಳು: "ಹೊಣೆ ನಿಂತೋಳು ಮರ ಬಿಟ್ಟು ಹೇಗೆ ಬರಲಿ? ನೀವೇ ಇಲ್ಲಿಗೆ ಬನ್ನಿ ಮಾವಯ್ಯ." ಅವನು ಬಂದ ಎನ್ನುತ್ತಾರೆ.

ಈಗಿರುವುದು ಆ ಮರದ ಬೀಜದ ಬೀಜದ್ದಿರಬೇಕು. ಕಂಚುವಾಳಕ್ಕೆ ಅಷ್ಟು ಆಯಸ್ಸಿಲ್ಲ, ನಾನೇಕೆ ಸುಳ್ಳು ಹೇಳಲಿ. ಬುಡದ ಕಲ್ಲಿನಲ್ಲಿ ಕುಡುಗೋಲಿನ ಗುರುತು ಮಾತ್ರ ಹಳೆಯದು. ದಿಣ್ಣೆಗೆ ಇಂದಿಗೂ ಯಾರೂ ಕತ್ತಿ ಒಯ್ಯುವುದಿಲ್ಲ. ಸುತ್ತಲ ಊರುಗಳಲ್ಲಿ ಯುಗಾದಿಗೆ ಕೊಡಲಿ ತೋರಿಸುತ್ತಾರೆ. ಇಲ್ಲಿ ಹೂ ಬಿಡದ ಗಿಡದೆದುರು ಮನೆಯ ಹಿರಿಯರು ನಿಂತು, ಎರಡೂ ಬರಿಗೈ ತೋರಿಸಿ ಹೋಗುತ್ತಾರೆ.