ಐಗಳ ಮನೆಯ ಕಳೆಯೋ ಲೆಕ್ಕ

ಬಹಳ ಹಿಂದೆ, ಜಾಲಿಕಟ್ಟೆ ಅಂತ ಒಂದೂರು. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ನಮ್ಮಜ್ಜಿಗೆ ಅವರಜ್ಜಿ ಹೇಳಿದಾಗಲೇ ಅದು ಹಳೇ ಮಾತಾಗಿತ್ತಂತೆ. ಆ ಊರಲ್ಲಿ ಮರುಳಯ್ಯ ಅಂತ ಒಬ್ಬರು ಐಗಳಿದ್ದರು. ಐಗಳು ಅಂದ್ರೆ ಆ ಕಾಲದ ಮೇಷ್ಟ್ರು ಕಣ್ರಪ್ಪ. ಆಗ ಸ್ಕೂಲಿಲ್ಲ, ಬೋರ್ಡಿಲ್ಲ, ಬೆಲ್ಲಿಲ್ಲ. ತಮ್ಮ ಮನೆ ಜಗಲೀಲೇ ಮಕ್ಕಳನ್ನ ಕೂರಿಸ್ಕೊಂಡು, ಮುಂದೆ ಮರಳು ಹರಡಿ, ಬೆರಳಲ್ಲಿ ತಿದ್ದಿಸಿ ಕಲಿಸೋರು. ಅವರ ಹೆಂಡತಿ ಮಲ್ಲಾಜಮ್ಮ. ಜಗಲಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಗಂಡ ಆಚೆ ಹೇಳಿದ್ದೆಲ್ಲ ಈಚೆ ಆಯಮ್ಮನ ಕಿವಿಗೆ ಬೀಳೋದು. ಹಂಗಾಗಿ ಊರ ಮಕ್ಕಳಿಗೆ ಬರೋಕೆ ಮುಂಚೆ ಮಗ್ಗಿಯೆಲ್ಲ ಮಲ್ಲಾಜಮ್ಮನಿಗೇ ಬರ್ತಿತ್ತು ಅಂತಾರೆ.

ಬರೀ ಅಂಕಿ ಹೇಳಿದ್ರೆ ಮಕ್ಕಳಿಗೆ ನಿದ್ದೆ. ಈಗಲೂ ಅಷ್ಟೆ, ಆಗಲೂ ಅಷ್ಟೆ. ಅದಕ್ಕೆ ಐಗಳು ಲೆಕ್ಕದೊಳಗೆ ಊರೋರ ಹೆಸರು ತಂದರು. "ಪಟೇಲರ ಹಿತ್ತಲಲ್ಲಿ ಎಂಟು ಸೌತೆಬಳ್ಳಿ. ಬಳ್ಳಿಗೆ ಆರು ಕಾಯಿ. ಒಟ್ಟು ಎಷ್ಟ್ರೋ?" ತೂಕಡಿಸ್ತಿದ್ದ ಮಕ್ಕಳು ನೆಟ್ಟಗೆ ಕೂತ್ವು. ಪಟೇಲರ ಸೌತೆಕಾಯಿ ಅಂದ್ರೆ ಅವಕ್ಕೆ ಗೊತ್ತಿಲ್ವೆ, ಕದ್ದು ತಿಂದಿದ್ದ ಪಡ್ಡೆಗಳು! ನಲವತ್ತೆಂಟು ಅಂತ ಜಗಲಿ ಹಾರಿಹೋಗೋ ಹಂಗೆ ಕೂಗಿದ್ವಂತೆ.

ಆಗಿದ್ದೇನಪ್ಪಾ ಅಂದ್ರೆ, ಆ ವರ್ಷ ಪಟೇಲರ ಹಿತ್ತಲಲ್ಲಿ ಸೌತೆ ಕಿತ್ತಷ್ಟೂ ಬಿಟ್ಟಿತು. ಮಳೆ ಚೆನ್ನಾಗಿತ್ತು, ಬಿಟ್ಟಿತು. ಆದರೆ ಜನ ಸುಮ್ನಿರ್ತಾರಾ? ಐಗಳ ಬಾಯಲ್ಲಿ ಬಂದದ್ದು ನಿಜವಾಗುತ್ತೆ ಅಂದ್ರು. ಬೆಳಗಾದ್ರೆ ಐಗಳ ಬಾಗಿಲಲ್ಲಿ ಜನ. ನಮ್ಮ ಕುರಿಗಳನ್ನ ಗುಣಿಸೋ ಲೆಕ್ಕಕ್ಕೆ ಹಾಕಿ ಅಂತ ಒಬ್ಬ. ನಮ್ಮ ರಾಗಿ ಹೊಲಾನ ಕೂಡೋ ಲೆಕ್ಕಕ್ಕೆ ಹಾಕಿ ಅಂತ ಇನ್ನೊಬ್ಬಳು. ಒಬ್ಬ ಮಹಾರಾಯ ಬಂದು, ನನ್ನ ಹೆಂಡ್ತಿ ಬೈಗುಳಾನ ಊರಿಗೆಲ್ಲ ಸಮ ಭಾಗಿಸಿಬಿಡಿ ಐಗಳೇ, ಒಬ್ಬನ ಕೈಲಿ ತಡೆಯೋಕಾಗಲ್ಲ ಅಂದನಂತೆ. ನಾನೇನು ನೋಡಿಲ್ಲ, ಹಂಗಂತಾರೆ.

ಕಳೆಯೋ ಲೆಕ್ಕಕ್ಕೆ ಮಾತ್ರ ಯಾರೂ ಹೆಸರು ಕೊಡಲಿಲ್ಲ. ಕಲಿಸದೆ ಬಿಡೋಕಾಗುತ್ತಾ? ಒಂದು ದಿನ ಐಗಳು, "ದೇವೀರಮ್ಮನ ಕೊಟ್ಟಿಗೇಲಿ ಐದು ಹಸು. ಮೇಯೋಕೆ ಹೋದದ್ದರಲ್ಲಿ ಒಂದು ತಿರುಗಿ ಬರಲಿಲ್ಲ. ಉಳಿದದ್ದೆಷ್ಟು?" ಅಂದರು. ಮಕ್ಕಳು ನಾಲ್ಕು ಅಂದ್ವು. ದೇವೀರಮ್ಮ ಅಂದ್ರೆ ಕೆಳಗಿನ ಕೇರಿಯೋಳು, ಗಂಡ ಸತ್ತ ಮೇಲೆ ಹಸುಗಳ ಮುಖ ನೋಡ್ಕೊಂಡೇ ಬದುಕಿದ್ದೋಳು. ಅವತ್ತು ಸಾಯಂಕಾಲ ಅವಳ ಕೆಂದ ಹಸು ಪಾಳುಬಾವಿಗೆ ಬಿದ್ದು ಸತ್ತುಹೋಯ್ತು.

ಅಯ್ಯಯ್ಯೋ, ಆ ಹೆಂಗಸು ತಲೆಗೂದಲು ಕೆದರ್ಕೊಂಡು ಬಂದು ಜಗಲಿ ಮುಂದೆ ನಿಂತು ಹಿಡಿಮಣ್ಣು ತೂರಿದಳಂತೆ. "ನಿನ್ನ ಲೆಕ್ಕದ ಮನೆ ಹಾಳಾಗ!" ಅಂತ ಎದೆ ಬಡ್ಕೊಂಡಳಂತೆ. ಮಾರನೇ ದಿನ ಊರೋರು ಅರಳಿಕಟ್ಟೇಲಿ ಕೂತು ತೀರ್ಮಾನ ಮಾಡಿದರು: ಜಾಲಿಕಟ್ಟೇಲಿ ಇನ್ನು ಕಳೆಯೋ ಲೆಕ್ಕ ಕೂಡದು. ಐಗಳು ಗುಬ್ಬಿ ಮೇಲೆ ಹೇಳಿ ನೋಡಿದರು. ಇಪ್ಪತ್ತು ಗುಬ್ಬಿ ಕೂತಿದ್ವು, ಐದು ಹಾರಿಹೋದ್ವು. ಅದಕ್ಕೂ ತಾಯಂದಿರು ಬಂದು, ಆ ಗುಬ್ಬಿಗಳು ನಮ್ಮ ಸೂರಿನವು, ಹೋಗೋದು ಬೇಡ ಅಂದರಂತೆ. ನಗಬೇಡಿ ಕಣ್ರೋ. ಇದ್ದದ್ದು ಕಳ್ಕೊಂಡೋರಿಗೆ ಗೊತ್ತು ಅದರ ಸಂಕಟ.

ಹಿಂಗೆ ಆ ಊರ ಮಕ್ಕಳಿಗೆ ಕೂಡೋದು ಗೊತ್ತು, ಕಳೆಯೋದು ಗೊತ್ತಿಲ್ಲ. ಒಂದಿನ ಕುರಿ ಮೇಯಿಸೋಕೆ ಹೋಗಿದ್ದ ಹುಡುಗಿ ಸಾಯಂಕಾಲ ಎಣಿಸಿದಳು, ಕಮ್ಮಿ ಬಂತು. ಎಷ್ಟು ಕಮ್ಮಿ ಅಂತ ತಿಳೀಲಿಲ್ಲ. ಹುಡುಕಿದಾಗ ಒಂದು ಮರಿ ಸಿಕ್ತು, ಮುಗೀತು ಅಂತ ಕುಣ್ಕೊಂಡು ಮನೆಗೆ ಬಂದಳು. ಸಿಗದೆ ಕಾಡಲ್ಲೇ ಉಳಿದಿದ್ದ ಮರಿಗಳನ್ನ ತೋಳ ತಿಂದ್ಕೊಂಡು ಹೋಯ್ತು. ಐಗಳಿಗೆ ಅವತ್ತು ಅನ್ನ ಸೇರಲಿಲ್ಲ. ತನ್ನ ಕೈಲಿ ಕಲಿತ ಮಗು ತನ್ನ ಮರಿಗಳನ್ನ ಹುಡುಕೋಕೂ ಆಗದೆ ಹೋಯ್ತಲ್ಲ ಅಂತ ಹೆಂಡತಿ ಮುಂದೆ ಕಣ್ಣೀರಿಟ್ಟರಂತೆ.

ಬೆಳಗ್ಗೆ ಮಲ್ಲಾಜಮ್ಮ ರಾಗಿ ಬೀಸ್ತಾ ಕೂತಿದ್ದಾಗ ಗೋಡೆ ಆಚೆಯಿಂದ ಗಂಡನ ದನಿ ಕೇಳಿಸ್ತು. "ಐಗಳ ಬಾಯಲ್ಲಿ ಮೂವತ್ತೆರಡು ಹಲ್ಲು. ಬೆಲ್ಲ ಕಡಿಯೋಕೆ ಹೋಗಿ ಏಳು ಬಿದ್ದುಹೋದ್ವು. ಉಳಿದದ್ದೆಷ್ಟು?" ಮಕ್ಕಳು ಹೊಟ್ಟೆ ಹಿಡ್ಕೊಂಡು ನಕ್ವು. ಒಳಗೆ ಮಲ್ಲಾಜಮ್ಮನೂ ನಕ್ಕಳು. ಅವತ್ತಿಂದ ಊರಲ್ಲಿ ಕಳೆದದ್ದೆಲ್ಲ ಐಗಳ ಮನೇಲೇ ಕಳೀತು. ಐಗಳ ಮಡಕೆ ಒಡೆದ್ವು, ಐಗಳ ಕೋಳೀನ ಗಿಡುಗ ಎತ್ಕೊಂಡು ಹೋಯ್ತು, ಐಗಳ ಹನ್ನೆರಡು ಮುದ್ದೇಲಿ ನಾಲ್ಕನ್ನ ನಾಯಿ ಕಚ್ಕೊಂಡು ಓಡ್ತು. ಮಕ್ಕಳು ಮನೆಗೆ ಹೋಗಿ ಹೇಳಿದ ಕೂಡಲೇ ತಾಯಂದಿರು ಅಯ್ಯೋ ಪಾಪ ಅಂತ ಮುದ್ದೆ ಕಟ್ಟಿ ಕಳಿಸೋರು, ಮಡಕೆ ಕಳಿಸೋರು. ನಿಮ್ಮ ಲೆಕ್ಕದಿಂದ ನಮಗೆ ನಷ್ಟಾನೇ ಇಲ್ಲವಲ್ಲ ಅಂತ ಮಲ್ಲಾಜಮ್ಮ ಗಂಡನ್ನ ಕಿಚಾಯಿಸೋಳು. ಐಗಳ ಹಲ್ಲು ಕೊನೆಗೆ ನಿಜವಾಗ್ಲೂ ಇಪ್ಪತ್ತೈದೇ ಇತ್ತು ಅಂತಾರೆ. ನಾನೇನು ಎಣಿಸಿಲ್ಲ.

ಹಿಂಗೇ ವರ್ಷಗಳು ಕಳೆದ್ವು. ಮಲ್ಲಾಜಮ್ಮನಿಗೆ ಮತ್ತೆ ಬಸಿರು ನಿಂತಿತು. ಮುಂಚೆ ಎರಡು ಸಲ ನಿಂತಿತ್ತು, ಎರಡು ಸಲವೂ ಉಳೀಲಿಲ್ಲ. ಈ ಸಲ ದಿನ ತುಂಬ್ತಾ ಬಂತು. ಯಾರ ಕಣ್ಣೂ ಬೀಳದಿರಲಿ ಅಂತ ಆಯಮ್ಮ ಸೆರಗು ಮುಚ್ಕೊಂಡೇ ಓಡಾಡೋಳು. ಒಂದಿನ ಅಡುಗೆಮನೇಲಿ ಸೊಪ್ಪು ಸೋಸ್ತಾ ಇದ್ದಾಳೆ, ಆಚೆಯಿಂದ ಮಾತು ಬಂತು. "ಐಗಳ ಹಿತ್ತಲ ಬಳ್ಳೀಲಿ ಒಂಬತ್ತು ಹೀಚು. ಮೂರು ಉದುರಿಹೋದ್ವು."

ಸೊಪ್ಪು ಕೈಯಿಂದ ಜಾರ್ತು. ಮಕ್ಕಳು ಆರು ಅಂತ ಕೂಗಿದ್ದೂ ಆಯಮ್ಮನಿಗೆ ಕೇಳಿಸ್ಲಿಲ್ಲ. ಹೊಟ್ಟೆ ತಬ್ಬಿ ಹಿಡ್ಕೊಂಡು ಗೋಡೆಗೊರಗಿ ಕೂತುಬಿಟ್ಟಳು.

ಮಧ್ಯಾಹ್ನ ಐಗಳು ಊಟಕ್ಕೆ ಬಂದಾಗ ತಟ್ಟೆ ಇಡಲಿಲ್ಲ. "ಸಾಕು ಮಾಡಿ. ನಮ್ಮನೇಲಿ ಇನ್ನೇನೂ ಉದುರೋದು ಬೇಡ," ಅಂದಳು.

ಅದು ಬರೀ ಲೆಕ್ಕ ಕಣೇ ಅಂದರು ಐಗಳು.

"ಬರೀ ಲೆಕ್ಕ ಆದ್ರೆ ಊರೋರ ಹೆಸರು ಹಾಕಿ."

"ಅವರಿಗೆ ಹೆದರಿಕೆ, ಮಲ್ಲಾಜಿ."

"ನನಗಿಲ್ವಾ?" ಅಂದಳು ಮಲ್ಲಾಜಮ್ಮ. "ಊರ ಹೆದರಿಕೆಗೆಲ್ಲ ನನ್ನ ಮಡಿಲೇ ಬೇಕಿತ್ತಾ?"

ಅಷ್ಟು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಹೆದರಿಕೆ ಇದೆಯಾ ಅಂತ ತಾನು ಒಂದು ದಿನವೂ ಕೇಳಲಿಲ್ಲವಲ್ಲ ಅನ್ನೋದು ಐಗಳಿಗೆ ಆಗಲೇ ಹೊಳೆದದ್ದು. ಹಸಿದ ಹೊಟ್ಟೇಲೇ ಎದ್ದು ಜಗಲಿಗೆ ಹೋಗಿ, ಇವತ್ತಿಂದ ಕಳೆಯೋ ಲೆಕ್ಕ ಇಲ್ಲ ಮಕ್ಕಳೇ, ಈಗ ನಮ್ಮನೇಲೂ ಹೆದರಿಕೆ ಬಂದಿದೆ ಅಂದರು.

ಮಕ್ಕಳ ಬಾಯಿಗೆ ಬೀಗ ಉಂಟೇ? ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಯ್ತು. ಜಾಲಿಕಟ್ಟೆ ಹೆಂಗಸರು ಅವತ್ತು ಒಬ್ಬರ ಮನೆಗೊಬ್ಬರು ಓಡಿದರು ಅಂತಾರೆ. ಆ ಮನೆ ಮುದ್ದೆ ಹೋಯ್ತು, ಮಡಕೆ ಹೋಯ್ತು ಅಂತ ನಗ್ತಿದ್ವಿ, ಆ ಮನೇಲೊಬ್ಬ ಬಸುರಿ ಇದ್ದಾಳೆ ಅನ್ನೋದೇ ಮರೆತ್ವಲ್ಲ ಅಂತ ಕೈ ಕೈ ಹಿಸುಕಿಕೊಂಡರಂತೆ.

ಮಾರನೇ ಬೆಳಗ್ಗೆ ಜಗಲಿ ಮುಂದೆ ಬಂದು ನಿಂತೋಳು ಯಾರು? ದೇವೀರಮ್ಮ! ಮಲ್ಲಾಜಮ್ಮ ಅಡುಗೆಮನೆ ಕಿಟಕೀಲಿ ನೋಡಿದಳು. ಮಣ್ಣು ತೂರೋಕೆ ಬಂದಳು ಅಂದ್ಕೊಂಡಳು. ದೇವೀರಮ್ಮ ಐಗಳ ಕಡೆ ನೋಡಲೂ ಇಲ್ಲ. ಮಕ್ಕಳ ಕಡೆ ತಿರುಗಿ, "ತಿದ್ಕೊಳ್ರೋ. ದೇವೀರಮ್ಮನ ಕೊಟ್ಟಿಗೇಲಿ ನಾಲ್ಕು ಹಸು," ಅಂದಳು. ತನ್ನ ಕೇರಿ ಕಡೆ ಒಂದ್ಸಲ ತಿರುಗಿ ನೋಡಿ, "ಒಂದು ಬರಲಿಲ್ಲ. ಎಷ್ಟು ಉಳೀತು?" ಅಂದಳು.

ಒಂದು ಮಗುವೂ ಮರಳಿಗೆ ಬೆರಳು ಹಚ್ಚಲಿಲ್ಲ.

"ಹೇಳ್ರೋ, ನನ್ನ ಹಸು, ನಾನು ಕೇಳ್ತಿದ್ದೀನಿ!"

ಮೂರು ಅಂದ್ವು ಮಕ್ಕಳು, ಮೆಲ್ಲಗೆ. ದೇವೀರಮ್ಮ ಕಿಟಕಿ ಹತ್ತಿರ ಬಂದು, "ಅಮ್ಮಾರೇ, ನಿಮ್ಮ ಹೆರಿಗೆ ಆಗೋವರೆಗೂ ನಮ್ಮನೇದು ಕಳೀಲಿ. ಕಳ್ಕೊಂಡು ಅಭ್ಯಾಸ ಇದೆ ನಂಗೆ," ಅಂದಳು. ಅಂದು, ಮನೆಗೆ ಓಡಿಹೋಗಿ ಅವತ್ತೆಲ್ಲ ಹಸುಗಳನ್ನ ಹಗ್ಗ ಬಿಚ್ಚದೆ ಕೊಟ್ಟಿಗೇಲೇ ಹುಲ್ಲು ಹಾಕಿ ಕಾದಳಂತೆ. ಪಾಪ, ಧೈರ್ಯ ಎಷ್ಟಿತ್ತೋ ಭಯಾನೂ ಅಷ್ಟೇ ಇತ್ತು. ಹಸುಗಳಿಗೇನೂ ಆಗಲಿಲ್ಲ ಅನ್ನಿ.

ಆಮೇಲೆ ನೋಡಿ, ಒಬ್ಬೊಬ್ಬರೇ ಬಂದರು. ಪಟೇಲರು ಬಂದು ಅರ್ಧ ಹಿತ್ತಲ ಸೌತೆಕಾಯಿ ಕಳೆದರು. ಕುರಿಯೋರು ಕುರಿ ಕಳೆದರು. ಮಲ್ಲಾಜಮ್ಮ ಗೋಡೆ ಈಚೆ ಕೂತು ಎಲ್ಲ ಕೇಳಿಸ್ಕೊಂಡಳು, ಅತ್ತಳು, ನಕ್ಕಳು, ಊಟ ಮಾಡಿದಳು.

ಹೆರಿಗೆ ನೋವು ಶುರುವಾದದ್ದು ಒಂದು ಬೆಳಗ್ಗೆ. ಹೊತ್ತು ನೆತ್ತಿಗೆ ಬಂದರೂ ಮಗು ಆಚೆ ಬರಲಿಲ್ಲ. ಸೂಲಗಿತ್ತಿ ಬಾಗಿಲಿಗೆ ಬಂದು, ತಲೆ ಆಡಿಸಿ, ನನ್ನ ಕೈಲಿ ಆಗೋದೆಲ್ಲ ಮಾಡಿದೆ, ಆಯಮ್ಮ ಸೋತು ಕಣ್ಣು ಮುಚ್ತಾಳೆ, ದೇವರೇ ಗತಿ ಅಂದಳು. ಐಗಳು ಕಂಬಕ್ಕೆ ಹಣೆ ಒತ್ಕೊಂಡು ನಿಂತರು. ಆಗ ಅಂಗಳದಲ್ಲಿದ್ದ ದೇವೀರಮ್ಮ ಗಟ್ಟಿಯಾಗಿ ಕೂಗಿದಳು. "ನಮ್ಮನೇಲಿ ಆರು ಮಡಕೆ! ಎರಡು ಒಡೆದ್ವು!"

ಮಕ್ಕಳೆಲ್ಲ ಒಂದೇ ದನೀಲಿ, "ನಾಲ್ಕು ಉಳಿದ್ವು!" ಅಂದ್ವು.

"ನಮ್ಮನೇಲಿ ಹತ್ತು ಕೋಳಿ! ಮೂರು ಹೋದ್ವು!"

"ಏಳು ಉಳಿದ್ವು!"

ಅಂಗಳ ತುಂಬ ಹೆಂಗಸರು. ಯಾರೂ ಕೈ ಬಿಗಿ ಮಾಡಲಿಲ್ಲ. ಇದ್ದದ್ದೆಲ್ಲ ಕಳೆದರು. ಹಸು ಕಳೆದರು, ಎತ್ತು ಕಳೆದರು, ಬಿತ್ತನೆ ರಾಗಿ ಕಳೆದರು. ಒಳಗೆ ಮಲ್ಲಾಜಮ್ಮನಿಗೆ ಏನು ಹೋಯ್ತು ಅನ್ನೋದು ಸರಿಯಾಗಿ ಕೇಳಿಸ್ತಿರಲಿಲ್ಲವಂತೆ. ಮಕ್ಕಳ ದನಿ ಮಾತ್ರ ಕೇಳಿಸ್ತಿತ್ತಂತೆ, ಉಳಿದ್ವು, ಉಳಿದ್ವು, ಉಳಿದ್ವು ಅಂತ. ಆ ಒಂದು ಮಾತು ಹಿಡ್ಕೊಂಡು ಆಯಮ್ಮ ಕಣ್ಣು ಬಿಟ್ಟಳು, ಹಲ್ಲು ಕಚ್ಚಿದಳು, ಉಸಿರು ಕಟ್ಟಿ ಮುಕ್ಕಿದಳು. ಹೆಣ್ಣು ಮಗು ಅತ್ತಿತು.

ಅವತ್ತು ಜಾಲಿಕಟ್ಟೇಲಿ ಒಂದು ಮಡಕೇನೂ ಒಡೀಲಿಲ್ಲ ಅಂತ ಕೆಲವರು ಅಂತಾರೆ. ಎಲ್ಲರ ಮನೆ ಮಡಕೇನೂ ಬಿರುಕು ಬಿಟ್ಟಿತ್ತು, ಯಾರೂ ಹೇಳ್ಕೊಳ್ಳಲಿಲ್ಲ ಅಂತ ಇನ್ನು ಕೆಲವರು. ಯಾವುದು ನಿಜವೋ ಆ ಶಿವನಿಗೇ ಗೊತ್ತು.

ಐಗಳೂ ಹೋದರು, ಮಲ್ಲಾಜಮ್ಮನೂ ಹೋದಳು, ಆ ಮಗುವಿನ ಮೊಮ್ಮಕ್ಕಳೂ ಹೋದರು. ಆದರೆ ಜಾಲಿಕಟ್ಟೇಲಿ ಯಾವ ಮನೇಲಿ ಹೆರಿಗೆ ನೋವು ಶುರುವಾದರೂ ಅಕ್ಕಪಕ್ಕದ ಹೆಂಗಸರು ಬಂದು ತಮ್ಮನೇದನ್ನ ಕಳೀತಾರೆ, ಜೊತೆಗೊಂದು ಮಗು ಉಳಿದದ್ದು ಹೇಳುತ್ತೆ. ಈಗ ಬಸುರೀನ ತಾಲ್ಲೂಕಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಲ್ಲ, ಅಲ್ಲಿಗೂ ಆಟೋ ಮಾಡ್ಕೊಂಡು ಹಿಂದೆ ಹೋಗ್ತಾರೆ, ವಾರ್ಡಿನ ಬಾಗಿಲಲ್ಲೇ ಶುರು ಮಾಡ್ತಾರೆ. ಒಂದ್ಸಲ ಹೊಸ ನರ್ಸಮ್ಮ ಬಂದು, ಇದೇನು ಸಂತೆಯಾ, ಎದ್ದು ಹೋಗಿ ಅಂತ ಗದರಿದಳಂತೆ. ಯಾಕೆ ಏನು ಅಂತ ಒಬ್ಬಳು ಅಜ್ಜಿ ಹೇಳಿದಳು. ನರ್ಸಮ್ಮ ಒಳಗೆ ಹೋದಳು, ಬಂದಳು, ಮತ್ತೆ ಒಳಗೆ ಹೋದಳು. ಹೆರಿಗೆ ಕಷ್ಟವಾಗಿತ್ತು. ಮೂರನೇ ಸಲ ಬಾಗಿಲಿಗೆ ಬಂದೋಳು ಆಚೆ ಈಚೆ ನೋಡಿ, ಡಾಕ್ಟರಿಗೆ ಕೇಳಿಸದ ಹಂಗೆ ಅಂದಳಂತೆ, "ನಮ್ಮನೇಲಿ ಎಂಟು ಸ್ಟೀಲ್ ಲೋಟ. ಒಂದು ಕಳೆದುಹೋಯ್ತು."

ಅಜ್ಜಿ ಸೊಂಟದ ಮೇಲಿದ್ದ ಮಗು ಬಾಯಿಂದ ಬೆರಳು ತೆಗೆದು, "ಏಳು ಉಳೀತು," ಅಂತು.