ಕೋಗಿಲೆಯ ಕ್ಲೋಸಪ್

ಪಾಪ್ ಹಾಡಿನ ವಿಡಿಯೋಗೆ ಕ್ಲೋಸಪ್ ಬೇಕೆಂದು ಕೊಕ್ಕರೆ ತನ್ನ ಕ್ಯಾಮೆರಾವನ್ನು ಗಾಯಕಿ ಕೋಗಿಲೆಯ ಮುಖದ ಮುಂದೆಯೇ ತಂದು ನಿಲ್ಲಿಸಿತು. ಕೋಗಿಲೆಗೆ ಗುಮಾನಿ ಹುಟ್ಟಿತು.

“ಇಷ್ಟು ಹತ್ತಿರ ಯಾಕಪ್ಪಾ? ನನ್ನ ಕಂಠ ಕದಿಯೋಕೋ?”

“ಹಾಡು ನಿನ್ನೆಯೇ ರೆಕಾರ್ಡ್ ಆಯಿತಲ್ಲ ತಾಯಿ. ಇವತ್ತು ಅದನ್ನೇ ಹಾಕುತ್ತೇವೆ, ನೀವು ಬರೀ ಕೊಕ್ಕಾಡಿಸಿದರೆ ಸಾಕು.”

“ದನಿ ಬೇಡ, ಬಾಯಿ ಮಾತ್ರ ಬೇಕೇ? ಕಾಗೆ ಗೂಡಲ್ಲಿ ಬೆಳೆದವಳಪ್ಪಾ ನಾನು, ಮೋಸ ಅಂದರೇನೆಂದು ನನಗೆ ಹೇಳಿಕೊಡಬೇಡ!” ಎಂದು ಕೋಗಿಲೆ ಕೊಕ್ಕನ್ನು ಬಿಗಿಯಾಗಿ ಮುಚ್ಚಿಕೊಂಡಿತು.

ಕಾದು ಕಾದು ಬೇಸತ್ತ ಕೊಕ್ಕರೆ, ಪಕ್ಕದ ಕೊಂಬೆಯ ಗಿಳಿಯನ್ನು ಕೂರಿಸಿ, ಹಾಡು ಹಾಕಿ, ಅದರ ಕೊಕ್ಕನ್ನೇ ಚಿತ್ರಿಸಿಕೊಂಡು ಹೋಯಿತು.

ವಾರದೊಳಗೆ ತೋಪಿನ ತುಂಬ ಗಿಳಿಯ ಗಾನದ್ದೇ ಮಾತು. “ಅಯ್ಯೋ, ಅದು ನನ್ನ ಕಂಠ!” ಎಂದು ಕೋಗಿಲೆ ಅದೇ ಹಾಡನ್ನು ಹಾಡಿ ತೋರಿಸಿತು.

ಗುಬ್ಬಿಗಳು ಅನುಮಾನದಿಂದ ನೋಡಿದವು. “ಪರವಾಗಿಲ್ಲ ಕಣಮ್ಮಾ, ಗಿಳಿಯಮ್ಮನನ್ನು ಥೇಟ್ ಹಾಗೇ ಅನುಕರಿಸುತ್ತೀಯ!”